ಎಂಟನೇ ತಿಂಗಳಲ್ಲಿ ಪೇಟೆಗೆ ಹೋದವಳು

ಹೋದ ತಿಂಗಳು ನಮ್ಮ ಹಿಟ್ಟಿನ ಗಿರಣಿಗೆ ಅಕ್ಕಿ ತಂದ ಹುಡುಗಿಯೊಬ್ಬಳು ತನ್ನ ಪಾಳಿ ಬರುವವರೆಗೆ ಹೊರಗಿನ ಕಟ್ಟೆಯ ಮೇಲೆ ಕೂತು ಅಳುತ್ತಿದ್ದಳು. ಬಸುರಿ ಹೆಂಗಸು. ಗಿರಣಿಯ ಸದ್ದಿನಲ್ಲಿ ಅತ್ತರೆ ಯಾರಿಗೂ ಕೇಳಿಸದು ಎಂದುಕೊಂಡಿರಬೇಕು. ಆ ಸದ್ದಿನಲ್ಲೇ ಸಂಸಾರ ಮಾಡಿದವಳು ನಾನು, ನನಗೆ ಎಲ್ಲ ಕೇಳುತ್ತದೆ. ಏನಾಯಿತೆಂದು ವಿಚಾರಿಸಿದೆ. ಸ್ಕ್ಯಾನಿಂಗ್‌ನಲ್ಲಿ ಮಾಸು ಕೆಳಗಿದೆ ಎಂದು ಬಂದಿದೆಯಂತೆ. ಡಾಕ್ಟರು ಓಡಾಡಬೇಡ ಅಂದಿದ್ದಾರೆ. ಮನೆಯವರು, ನೋವೇ ಇಲ್ಲವಲ್ಲ, ಮತ್ತೆಂತ ರೋಗ ಅನ್ನುತ್ತಿದ್ದಾರೆ.

ಅವಳ ಡಬ್ಬಿಯನ್ನು ಪಾಳಿಯಲ್ಲಿ ಮುಂದಕ್ಕೆ ಇಟ್ಟು, ಪಕ್ಕದಲ್ಲಿ ಕೂತು ನನ್ನ ಕಥೆ ಶುರು ಮಾಡಿದೆ. ಅರ್ಧ ಆಗುವಷ್ಟರಲ್ಲಿ ಅವಳ ಹಿಟ್ಟಾಯಿತು, ಕರೆದುಕೊಂಡು ಹೋಗಲು ಗಂಡ ಬಂದ. ಉಳಿದರ್ಧವನ್ನು ಅವಳಿಗಾಗಿಯೂ, ಅವಳ ಹಾಗೆ ಒಬ್ಬೊಬ್ಬರೇ ಕೂತು ಅಳುವವರಿಗಾಗಿಯೂ ಬರೆಯುತ್ತಿದ್ದೇನೆ.

ತೊಂಬತ್ತರ ದಶಕದ ಕೊನೆಯ ಮಾತು. ನನ್ನ ತವರು ಸಿದ್ದಾಪುರ. ಕೊಟ್ಟದ್ದು ಯಲ್ಲಾಪುರ ತಾಲೂಕಿಗೆ, ಉಮ್ಮಚಗಿಯಿಂದ ಸ್ವಲ್ಪ ಒಳಗೆ, ಗಿರಣಿ ಇರುವ ಮನೆಗೆ. ಮನೆಯಲ್ಲಿ ಇದ್ದವರು ನಮ್ಮನೆಯವರು, ಅತ್ತೆ ಮತ್ತು ನಾನು. ಅತ್ತೆ ಗಟ್ಟಿ ಹೆಂಗಸು. ಮಡಿ, ಮುಟ್ಟು, ತಿಥಿ, ವಾರ ಎಲ್ಲದರಲ್ಲೂ ಅವರ ಮಾತೇ ಕೊನೆ. ಮದುವೆಯಾದ ಮರುವರ್ಷ ನನಗೆ ನಿಂತದ್ದು ಮೂರು ತಿಂಗಳಿಗೇ ಹೋಗಿತ್ತು. ತಮ್ಮನ ಉಪನಯನಕ್ಕೆಂದು ಬಸ್ಸಿನಲ್ಲಿ ಸಿದ್ದಾಪುರಕ್ಕೆ ಹೋಗಿ ಬಂದ ವಾರದಲ್ಲೇ ಹಾಗಾಯಿತು. ಯಲ್ಲಾಪುರದಲ್ಲಿ ಗರ್ಭಕೋಶ ಸ್ವಚ್ಛ ಮಾಡಿಸಿಕೊಂಡು ಬಂದೆ. ಬಸ್ಸಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಅಲ್ಲಿನ ಡಾಕ್ಟರು ಎಷ್ಟು ಹೇಳಿದರೂ ಅತ್ತೆಯ ಲೆಕ್ಕದಲ್ಲಿ ಆ ಮಗುವನ್ನು ತಿಂದದ್ದು ಬಸ್ಸೇ.

ಹಾಗಾಗಿ ಎರಡನೆಯ ಸಲ ನಿಂತಾಗ ಡಾಕ್ಟರಲ್ಲಿಗೆ ಹೋಗುವುದೊಂದನ್ನು ಬಿಟ್ಟು ನನ್ನನ್ನು ಅಂಗಳ ದಾಟಲು ಬಿಡಲಿಲ್ಲ. ಏಳನೇ ತಿಂಗಳು ಮುಗಿಯುತ್ತ ಬಂದಾಗ ಯಲ್ಲಾಪುರದ ಡಾಕ್ಟರು, ಶಿರಸಿಗೆ ಹೋಗಿ ಒಂದು ಸ್ಕ್ಯಾನಿಂಗ್ ಮಾಡಿಸಿಬಿಡಿ ಎಂದರು. ಆಗಿನ್ನೂ ಎಲ್ಲ ಬಸುರಿಯರೂ ಸ್ಕ್ಯಾನಿಂಗ್‌ಗೆ ಹೋಗುವ ಕಾಲವಲ್ಲ. ಅಂಥದ್ದು ಮಾಡಿಸಿ ಅಂದರೇ ಏನೋ ಇದೆ ಎಂದು ಅರ್ಥ. ನಡುನಡುವೆ ಒಂದೆರಡು ಸಲ ಸೀರೆಗೆ ಚುಕ್ಕೆ ಕೆಂಪು ಆಗಿತ್ತು, ಅದನ್ನು ಹೇಳಿದ್ದಕ್ಕೇ ಅವರು ಕಳಿಸಿದ್ದು.

ಶಿರಸಿಯ ಆ ಆಸ್ಪತ್ರೆಯಲ್ಲಿ ಕಾಯುವ ಜಾಗವೆಂದರೆ ಉದ್ದನೆಯ ಪಡಸಾಲೆ, ಎರಡು ಬೆಂಚು. ಹೊಟ್ಟೆ ಹೊತ್ತವರು ಬೆಂಚಿನ ಮೇಲೆ, ಜೊತೆಗೆ ಬಂದವರು ಗೋಡೆಗೆ ಒರಗಿ. ನೀರು ಕುಡಿದು ಹೊಟ್ಟೆ ತುಂಬಿಸಿಕೊಂಡು ಕೂರಬೇಕು, ಎದ್ದು ಹೋಗುವ ಹಾಗಿಲ್ಲ. ಒಬ್ಬೊಬ್ಬರೇ ಒಳಗೆ ಹೋಗಿ ಬೇಗ ಬೇಗ ಹೊರಗೆ ಬರುತ್ತಿದ್ದರು. ನಾನು ಹೋದವಳು ಬರಲಿಲ್ಲ. ಡಾಕ್ಟರಮ್ಮ ಹೊಟ್ಟೆಯ ಕೆಳಭಾಗದಲ್ಲಿ ಒಂದೇ ಕಡೆ ಒತ್ತಿ ಒತ್ತಿ ನೋಡಿದರು. ಪರದೆಯ ಕಡೆ ಇದ್ದ ಮುಖವನ್ನು ನನ್ನ ಕಡೆ ತಿರುಗಿಸಲೇ ಇಲ್ಲ. ಮಗು ಸರಿ ಇದೆಯೇ ಅಂದೆ. ಮಗು ಚೆನ್ನಾಗಿದೆ ಅಂದರು. ಆ 'ಮಗು' ಎಂಬ ಮಾತಿನ ಮೇಲೆ ಅವರು ಹಾಕಿದ ಒತ್ತಿನಿಂದಲೇ ಬೇರೇನೋ ಕೆಟ್ಟಿದೆ ಎಂದು ಗೊತ್ತಾಯಿತು.

ಆಮೇಲೆ ನಮ್ಮನೆಯವರನ್ನೂ ಒಳಗೆ ಕರೆದು ಹೇಳಿದರು: "ಮಾಸು ಮೇಲೆ ಇರಬೇಕು. ಇವರದ್ದು ಕೆಳಗೆ, ಬಾಗಿಲಿಗೇ ಅಡ್ಡ ಕೂತಿದೆ. ಆ ದಾರಿಯಲ್ಲಿ ಮಗು ಬರೋ ಹಾಗಿಲ್ಲ, ಆಪರೇಷನ್ನೇ ಮಾಡಬೇಕು. ಅದಕ್ಕಿಂತ ಮುಂಚೆ ಯಾವ ಹೊತ್ತಿಗಾದರೂ ರಕ್ತ ಹೋಗಬಹುದು. ನೋವು ಬರೋದಿಲ್ಲ, ಅದೇ ಇದರ ಮೋಸ. ಇಲ್ಲೇ ಹತ್ತಿರ ಬಂದು ಇರಿ. ರಕ್ತ ಕೊಡೋ ನಾಲ್ಕು ಜನಕ್ಕೆ ಈಗಲೇ ಹೇಳಿಟ್ಟಿರಿ."

ನನಗೆ ಮಾಸು ಎಂದರೆ ಕೊಟ್ಟಿಗೆಯಲ್ಲಿ ಎಮ್ಮೆ ಕರು ಹಾಕಿದ ಮೇಲೆ ಬೀಳುವ ಕಸ. ಎಮ್ಮೆ ಅದನ್ನು ತಿನ್ನದ ಹಾಗೆ ಕಾಯಬೇಕು, ಆಮೇಲೆ ಹೂಳಬೇಕು, ಇಷ್ಟೇ ಗೊತ್ತಿದ್ದದ್ದು. ಮಗು ಬಂದ ಮೇಲೆ ಎಸೆಯುವ ವಸ್ತುವೊಂದು ಮಗುವಿಗಿಂತ ಮೊದಲೇ ಬಾಗಿಲು ಕಟ್ಟಿ ಕೂರುತ್ತದೆ ಎಂದು ಯಾರೂ ಹೇಳಿರಲಿಲ್ಲ. ಬರುವಾಗ ದಾರಿಯುದ್ದಕ್ಕೂ ನಾನು ಕಾಲು ಜೋಡಿಸಿ ಬಿಗಿಹಿಡಿದು ಕೂತಿದ್ದೆ. ಹಾಗೆ ಕೂತರೆ ಏನೋ ತಡೆದೀತು ಎಂಬ ದಡ್ಡ ಭರವಸೆ.

ಮನೆಗೆ ಬಂದು ಹೇಳಿದಾಗ ಅತ್ತೆ ಬೆರಳು ಮಡಚಿದರು. ಎರಡು ದಿನಕ್ಕೆ ಎಂಟು ಹಿಡಿಯುತ್ತಿತ್ತು. ನಮ್ಮ ಕಡೆ ಬಸುರಿಯನ್ನು ತವರಿಗೆ ಕಳಿಸುವುದಿದ್ದರೆ ಏಳರಲ್ಲಿ, ಇಲ್ಲವೇ ಒಂಬತ್ತರಲ್ಲಿ. ಎಂಟರಲ್ಲಿ ಹೊಸಿಲು ದಾಟಿಸಿ ಬೇರೆ ಮನೆಯಲ್ಲಿ ಇರಿಸುವುದೆಂದರೆ ಕೇಡು ಕರೆದ ಹಾಗೆ. ಉಳಿದ ಎರಡು ದಿನದಲ್ಲಿ ಒಂದು ಅಮಾವಾಸ್ಯೆ, ಇನ್ನೊಂದಕ್ಕೆ ಇನ್ನೆಂತದೋ ದೋಷ. ಒಮ್ಮೆ ಬಸ್ಸಿಗೆ ಮಗುವನ್ನು ಕಳೆದುಕೊಂಡ ಮನೆಯಲ್ಲಿ ಇನ್ನೊಮ್ಮೆ ತಪ್ಪು ಮಾಡಲು ಅವರು ತಯಾರಿರಲಿಲ್ಲ. "ಎಂಟ್ರಲ್ಲಿ ಹೊರಡ್ಸ ಹಂಗಿಲ್ಲೆ" ಎಂದವರೇ ಒಳಗೆ ಹೋದರು. ನಮ್ಮನೆಯವರು ತಾಯಿಗೆ ಎದುರಾಡುವವರಲ್ಲ. ಗಿರಣಿಯ ಕಡೆ ಹೋದರು. ನನಗೆ ಇಬ್ಬರ ಮೇಲೂ ಕೆಟ್ಟ ಸಿಟ್ಟು ಬಂತು. ಸತ್ತರೆ ಅಮಾವಾಸ್ಯೆ ನೋಡಿ ಸಾಯಬೇಕೋ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ.

ಎಂಟು ಹಿಡಿದ ಮೇಲೆ ಒಂದು ಬೆಳಿಗ್ಗೆ ಮತ್ತೆ ಚುಕ್ಕೆ ಕಂಡಿತು. ಒಗೆದ ಸೀರೆಯನ್ನು ಅಂಗಳದ ತಂತಿಗೆ ಹಾಕುತ್ತ ಅತ್ತೆಗೆ ಹೇಳಿದೆ. ಅವರು ತುಸು ಹೊತ್ತು ಆ ಸೀರೆಯನ್ನೇ ನೋಡಿದರು. ಒಳಗೆ ಹೋಗಿ ಸಂತೆಗೆ ಒಯ್ಯುವ ಕೈಚೀಲ ತಂದು ನನ್ನ ಕೈಗೆ ಕೊಟ್ಟರು.

"ಹಿಂಗು ಖಾಲಿ ಆಯ್ದು. ಪ್ಯಾಟಿಗೆ ಹೋಗಿ ಒಂದು ಡಬ್ಬಿ ತಗಂಡು ಬಾ."

ಸೀರೆಯನ್ನು ಒಳಗೆ ತರಲೇ ಎಂದರೆ, "ತಂತಿ ಮೇಲೇ ಇರ್ಲಿ. ಪ್ಯಾಟಿಗೆ ಹೋಪವು ಸೀರೆ ಒಳಗಿಟ್ಟಿಕ್ಕೆ ಹೋಗ್ತ್ವಿಲ್ಲೆ" ಎಂದರು. ಪೇಟೆಗೆ ಹೋಗುವವರು ಒಣಗಲು ಹಾಕಿದ ಸೀರೆಯನ್ನು ಎತ್ತಿಟ್ಟು ಹೋಗುವುದಿಲ್ಲ. ಆಗ ಅರ್ಥವಾಯಿತು. ಎಂಟರಲ್ಲಿ ಮನೆ ಬಿಡುವ ಹಾಗಿಲ್ಲ, ಆದರೆ ಪೇಟೆಗೆ ಹೋಗಿಬರಲು ಯಾವ ಶಾಸ್ತ್ರವೂ ಅಡ್ಡ ಬರುವುದಿಲ್ಲ. ಉಡಿ ತುಂಬಲಿಲ್ಲ, ಕುಂಕುಮ ಇಡಲಿಲ್ಲ, ಕಾಲಿಗೆ ಬೀಳಲೂ ಬಿಡಲಿಲ್ಲ. ಪೇಟೆಗೆ ಹೋಗುವ ಸೊಸೆಗೆ ಅದೆಲ್ಲ ಯಾರು ಮಾಡುತ್ತಾರೆ. ಒಂದೇ ಕಟ್ಟುಪಾಡು, ಈ ಸಂಗತಿ ಊರಲ್ಲಿ ಒಬ್ಬರಿಗೂ ಗೊತ್ತಾಗಬಾರದು. ಗೊತ್ತಾದರೆ ಅದು ಹೊರಟು ಹೋದದ್ದೇ ಆಗುತ್ತದೆ. ಶಾಸ್ತ್ರಕ್ಕೇ ಹೀಗೆ ಹಿಂಬಾಗಿಲು ಇಡಬಲ್ಲವರು ಅತ್ತೆಯೊಬ್ಬರೇ. ಅವತ್ತಿಗೆ ನನಗೆ ನಗು ಬರಲಿಲ್ಲ, ಈಗ ಬರುತ್ತದೆ.

ಶಿರಸಿಯಲ್ಲಿ ನನ್ನ ಹೆತ್ತ ಆಯಿಯ ತಂಗಿ, ಚಿಕ್ಕಿಯ ಮನೆ ಆಸ್ಪತ್ರೆಯಿಂದ ದೂರವಿರಲಿಲ್ಲ. ಅಲ್ಲಿಗೆ ಹೋಗುವ ಮೊದಲು ನಾನು ನಮ್ಮನೆಯವರನ್ನು ಕಿರಾಣಿ ಅಂಗಡಿಯ ಮುಂದೆ ನಿಲ್ಲಿಸಿ ನಿಜಕ್ಕೂ ಒಂದು ಡಬ್ಬಿ ಹಿಂಗು ಕೊಂಡೆ. ಅತ್ತೆಯ ನಂಬಿಕೆ ನನಗಿರಲಿಲ್ಲ. ಆದರೂ ಕೊಳ್ಳದೇ ಇರಲು ಧೈರ್ಯ ಬರಲಿಲ್ಲ. ಚೊಚ್ಚಲ ಹೆರಿಗೆ ತವರಿನ ಹಕ್ಕೆಂದು ಸಿದ್ದಾಪುರದಲ್ಲಿ ಆಯಿ ಮುನಿಸಿಕೊಂಡಳು. ಅವಳಿಗೂ ಯಾರಿಗೂ ಹೇಳಬೇಡ ಎಂದು ತಾಕೀತಾಯಿತು.

ಚಿಕ್ಕಿಯ ಮನೆಯಲ್ಲಿ ವಾರ ಕಳೆಯುವಷ್ಟರಲ್ಲಿ ಒಂದು ಮಧ್ಯಾಹ್ನ, ಹುರುಳಿಕಾಯಿ ನಾರು ತೆಗೆಯುತ್ತ ಕೂತವಳು ಎದ್ದರೆ ಮಣೆ ಕೆಂಪಾಗಿತ್ತು. ನೋವು ಚೂರೂ ಇಲ್ಲ. ಆಸ್ಪತ್ರೆಗೆ ಸೇರಿಸಿಕೊಂಡರು. ರಕ್ತ ತಾನಾಗಿ ನಿಂತಿತು, ಆದರೆ ಇನ್ನು ಮಂಚ ಇಳಿಯುವ ಹಾಗಿಲ್ಲ ಎಂದರು. ಕಾಲಿನ ಕಡೆ ಮಂಚಕ್ಕೆ ಇಟ್ಟಿಗೆ ಕೊಟ್ಟು ಎತ್ತರಿಸಿದರು. ತಲೆ ಕೆಳಗಾಗಿ ಮಲಗಿ, ಸೂರಿನ ಫ್ಯಾನು ನೋಡುತ್ತ, ಹೊಟ್ಟೆಯೊಳಗಿನ ಒದೆತ ಎಣಿಸುವುದೇ ನನ್ನ ಕೆಲಸ. ಒದೆತ ತಡವಾದರೆ ಹೊಟ್ಟೆ ತಟ್ಟಿ ನೋಡುತ್ತಿದ್ದೆ. ಪ್ರತಿ ಸಲ ಮೂತ್ರದ ಪಾತ್ರೆ ತೆಗೆದಾಗಲೂ ಆಯಾಳ ಮುಖ ನೋಡುತ್ತಿದ್ದೆ. ಅವಳು 'ಏನಿಲ್ಲ' ಎಂದರೆ ಮುಂದಿನ ಸಲದವರೆಗೆ ಬದುಕು.

ಪಕ್ಕದ ಮಂಚದಲ್ಲಿ ದಾಸನಕೊಪ್ಪದ ಶಾಂತವ್ವ ಇದ್ದಳು. ಕಾಲು ಬಾತು, ರಕ್ತದೊತ್ತಡ ಏರಿ ಬಂದಿದ್ದ ಮೂರನೆಯ ಸಲದ ಬಸುರಿ. ನನ್ನ ಕೈಚೀಲ ಮಂಚದ ಕೆಳಗಿತ್ತು, ಅದರಲ್ಲಿದ್ದ ಹಿಂಗಿನ ವಾಸನೆ ಫಿನೈಲನ್ನೂ ಮೀರಿ ಬರುತ್ತಿತ್ತು. ಮೊದಲ ದಿನವೇ ಅವಳು, "ಏನ್ರಿ ಅಕ್ಕಾರ, ಚೀಲದಾಗ ಸಾರಿನ ಗಡಿಗಿ ತಂದೀರೇನು?" ಎಂದಳು. ಆ ವಾರ್ಡಿನಲ್ಲಿ ನಾನು ನಕ್ಕದ್ದು ಅದೇ ಮೊದಲು. ನಕ್ಕರೆ ರಕ್ತ ಬಂದೀತೆಂದು ಅರ್ಧಕ್ಕೇ ನಿಲ್ಲಿಸಿದೆ. ನಾನು ಸುಮ್ಮನಾದಾಗಲೆಲ್ಲ ಅವಳು ಆ ಮಂಚದಿಂದಲೇ ಕೇಳುತ್ತಿದ್ದಳು, ಕೂಸು ಆಡಾಕತ್ತೈತಿಲ್ಲೋ ಎಂದು. ಹೌದು ಎನ್ನುವುದಕ್ಕಾಗಿಯಾದರೂ ನಾನು ಹೊಟ್ಟೆಯ ಮೇಲೆ ಕೈ ಇಟ್ಟು ಹುಡುಕುತ್ತಿದ್ದೆ.

ಡಾಕ್ಟರಮ್ಮ ಬಂದಾಗಲೆಲ್ಲ ನಮ್ಮನೆಯವರನ್ನು ರಕ್ತ ಕೊಡುವವರ ವಿಷಯ ಕೇಳುತ್ತಿದ್ದರು. ಇವರು ಪ್ರತಿ ಸಲ ತಲೆ ಆಡಿಸುತ್ತಿದ್ದರು. ಹೇಳಿದ್ದು ಮಾತ್ರ ಒಬ್ಬರಿಗೂ ಇಲ್ಲ. ಹೇಗೆ ಹೇಳುತ್ತಾರೆ? ಊರಿನವರ ಲೆಕ್ಕದಲ್ಲಿ ನಾನು ಮನೆಯಲ್ಲೇ ಇದ್ದೆ. ಅತ್ತೆ ದಿನಕ್ಕೊಂದರಂತೆ ನನ್ನ ಸೀರೆಗಳನ್ನು ನೀರಿಗೆ ಅದ್ದಿ ತಂತಿಯ ಮೇಲೆ ಹಾಕುತ್ತಿದ್ದರಂತೆ. ಗಿರಣಿಗೆ ಬಂದವರು ಸೊಸೆ ಎಲ್ಲಿ ಎಂದರೆ, ಒಳಗೆ ಮಲಗಿದ್ದಾಳೆ ಎಂದು ಉತ್ತರ. ಕೇಡು ತಟ್ಟದಿರಲೆಂದು ಕಟ್ಟಿದ ಗುಟ್ಟು ಹೀಗೆ ನನ್ನ ಕುತ್ತಿಗೆಗೇ ಬಂತು.

ಒಂಬತ್ತು ಹಿಡಿಯಲು ಇನ್ನೂ ದಿನಗಳಿದ್ದವು. ಬೆಳಗಿನ ಚಹಾ ಕುಡಿದು ಲೋಟ ಕೆಳಗಿಟ್ಟೆ. ಒಳಗೆ ಏನೋ ಬೆಚ್ಚಗೆ ಜಾರಿದ ಹಾಗಾಯಿತು. ಈ ಸಲ ಅದು ನಿಲ್ಲಲಿಲ್ಲ. ಹಾಸಿಗೆ ತೊಯ್ದು, ಮಂಚ ತಲೆಯ ಕಡೆ ಇಳಿಜಾರಾಗಿದ್ದುದರಿಂದ ಬೆನ್ನಿನ ಕೆಳಗೆಲ್ಲ ಹರಿಯಿತು. ಕೂಗಿದವಳು ಶಾಂತವ್ವ. ಬಾತ ಕಾಲಿನಲ್ಲೇ ಎದ್ದು ಬಂದು ನನ್ನ ಕೈ ಹಿಡಿದಳು.

"ಅಂಜಬ್ಯಾಡ್ರಿ ಅಕ್ಕಾರ. ಕಣ್ಣ ಮುಚ್ಚಬ್ಯಾಡ್ರಿ, ನನ್ನ ನೋಡ್ರಿ."

ನನ್ನ ಗಂಡ ಹಿಂದಿನ ಸಂಜೆಯಷ್ಟೇ ಊರಿಗೆ ಹೋಗಿದ್ದರು. ತಿಂಡಿಯ ಡಬ್ಬಿ ಹಿಡಿದುಕೊಂಡು ಬಂದಿದ್ದ ಚಿಕ್ಕಿ ಡಬ್ಬಿಯನ್ನು ಅಲ್ಲೇ ಇಟ್ಟು ಎಸ್‌ಟಿಡಿ ಬೂತಿಗೆ ಓಡಿದಳು. ಡಾಕ್ಟರಮ್ಮ ಎಲ್ಲಿಂದಲೋ ಒಂದು ಬಾಟಲಿ ರಕ್ತ ತರಿಸಿದ್ದರು. ಅದನ್ನು ಏರಿಸುತ್ತ, "ಇದು ಮುಗಿಯೋದರೊಳಗೆ ನಿಮ್ಮ ಜನ ಬರಬೇಕು" ಎಂದು ಫೋನ್ ಮಾಡಿ ಬಂದ ಚಿಕ್ಕಿಗೆ ಹೇಳುವುದು ನನ್ನ ಕಿವಿಗೆ ಬಿತ್ತು. ಯಾವ ಜನ? ನಾನು ಶಿರಸಿಯಲ್ಲಿದ್ದೇನೆ ಎಂದೇ ಯಾರಿಗೂ ಗೊತ್ತಿರಲಿಲ್ಲ. ತಲೆಯ ಮೇಲೆ ತೂಗುವ ಬಾಟಲಿ ನೋಡಿದೆ. ಅದು ತೊಟ್ಟಿಕ್ಕುವುದಕ್ಕಿಂತ ಬೇಗ ನನ್ನದು ಹೋಗುತ್ತಿತ್ತು. ಅಳು ಬಂದದ್ದು ಆಗಲೇ. ಮಗುವನ್ನು ನೋಡದೆ ಹೋಗುತ್ತೇನೆ ಎಂದು ನಾನು ಅತ್ತುಬಿಟ್ಟೆ.

ಮನೆಯಲ್ಲಿ ಆದದ್ದನ್ನು ನನಗೆ ಆಮೇಲೆ ಹೇಳಿದವರು ಅವತ್ತು ಪಾಳಿಯಲ್ಲಿದ್ದ ನಮ್ಮೂರಿನ ತಿಮ್ಮಣ್ಣ. ಮನೆಗೆ ಫೋನ್ ಬಂದು ಆಗ ವರ್ಷವಾಗಿತ್ತಷ್ಟೆ. ಅವತ್ತು ಬೆಳಿಗ್ಗೆ ತ್ರೀ ಫೇಸ್ ಕರೆಂಟು ಇದ್ದದ್ದರಿಂದ ಗಿರಣಿಯ ತುಂಬ ಜನ. ಒಳಗೆ ಫೋನ್ ಎತ್ತಿದವರು ಅತ್ತೆ. ಮಡಿಯಲ್ಲಿದ್ದ ಹೆಂಗಸು ಒದ್ದೆ ಸೀರೆಯಲ್ಲೇ ಗಿರಣಿಗೆ ಬಂದರಂತೆ. ಮಗನಿಗೆ ಏನೂ ಹೇಳದೆ ಸ್ವಿಚ್ಚು ಕೆಳಗೆಳೆದರಂತೆ. ಪಟ್ಟಿ ಸುತ್ತುವುದು ನಿಂತು ಎಲ್ಲ ಸದ್ದೂ ಅಡಗಿದ ಮೇಲೆ ಪಾಳಿಯಲ್ಲಿದ್ದವರ ಕಡೆ ತಿರುಗಿದರಂತೆ.

"ತಂತಿ ಮೇಲೆ ಇದ್ದದ್ದು ಸೀರೆ ಮಾತ್ರ. ಸೊಸೆ ಶಿರಸಿ ಆಸ್ಪತ್ರೇಲಿ ಇದ್ದಾಳೆ. ರಕ್ತ ಬೇಕು. ಯಾರು ಬರ್ತ್ರಿ?"

ಯಾಕೆ, ಏನು, ಯಾವಾಗ ಹೋದದ್ದು ಎಂದು ಯಾರೂ ಕೇಳಲಿಲ್ಲವಂತೆ. ಅಕ್ಕಿ, ರಾಗಿ, ಗೋಧಿಯ ಡಬ್ಬಿಗಳನ್ನು ಇದ್ದಲ್ಲೇ ಬಿಟ್ಟು ಸಿಕ್ಕಿದ ಜೀಪಿನಲ್ಲಿ ತುಂಬಿಕೊಂಡರು. ನಮ್ಮನೆಯವರೂ ಹತ್ತಿದರು, ತಿಮ್ಮಣ್ಣ ಹಿಂದೆ ನಿಂತುಕೊಂಡೇ ಬಂದರು. ಹೊರಗಿನವರು ಮುಟ್ಟಿದ ನೀರು ಕುಡಿಯದ ಅತ್ತೆ ಆ ಜನರ ನಡುವೆ ಒತ್ತಿಕೊಂಡು ಕೂತು ಶಿರಸಿಗೆ ಬಂದರು.

ಇಲ್ಲಿ ಡಾಕ್ಟರಮ್ಮ ಕಾಯಲಿಲ್ಲ. ಬೆನ್ನಿಗೆ ಸೂಜಿ ಕೊಟ್ಟು, ಎದೆಯ ಮುಂದೆ ಹಸಿರು ಬಟ್ಟೆ ಕಟ್ಟಿದರು. ಒಳಗೆ ಕೈ ಆಡಿಸುವುದು ಗೊತ್ತಾಗುತ್ತಿತ್ತು, ನೋವಿರಲಿಲ್ಲ. ನೋವಿಲ್ಲದ್ದೆಂದರೆ ಅಷ್ಟು ಹೊತ್ತಿಗೆ ನನಗೆ ಹೆದರಿಕೆಯೇ ಆಗಿತ್ತು. ಒಂದು ಸಣ್ಣ ಅಳು ಕೇಳಿಸಿತು. ಹೆಣ್ಣು ಎಂದರು. ನನಗೆ ತೋರಿಸದೆ ಎತ್ತಿಕೊಂಡು ಹೋದರು. ಆಮೇಲೆ ಡಾಕ್ಟರಮ್ಮನ ಮಾತು ನಿಂತಿತು, ಅವರ ಕೈಗಳು ಮಾತ್ರ ಬೇಗ ಬೇಗ ಆಡತೊಡಗಿದವು. "ಬಿಡ್ತಾ ಇಲ್ಲ" ಎಂದು ಪಕ್ಕದವರಿಗೆ ಹೇಳಿದರು. ಮಾಸು ಗರ್ಭಕೋಶಕ್ಕೆ ಬೇರು ಬಿಟ್ಟು ಅಂಟಿಕೊಂಡಿತ್ತು. ಹಸಿರು ಬಟ್ಟೆ ಕಪ್ಪಾಗುತ್ತ ಬಂದದ್ದು ನನ್ನ ಕೊನೆಯ ನೆನಪು.

ಜೀಪು ಬಂದದ್ದು ಆಗ. ಬಂದವರಲ್ಲಿ ನಾಲ್ವರ ರಕ್ತ ನನಗೆ ಹೊಂದಿತು, ತಿಮ್ಮಣ್ಣನದೂ ಒಂದು. ಡಾಕ್ಟರಮ್ಮ ಹೊರಗೆ ಬಂದು, ಮಾಸು ಬಿಡುತ್ತಿಲ್ಲ, ಗರ್ಭಕೋಶ ತೆಗೆದರೆ ಮಾತ್ರ ರಕ್ತ ನಿಂತೀತು, ಆಮೇಲೆ ಇವರಿಗೆ ಮಕ್ಕಳಾಗುವುದಿಲ್ಲ ಎಂದರಂತೆ. ಉತ್ತರ ಕೊಟ್ಟವರು ಅತ್ತೆ.

"ಸೊಸೆ ಮನೆಗೆ ಬರ್ಬೇಕು ಡಾಕ್ಟ್ರೆ. ಉಳಿದದ್ದು ಹೋದ್ರೆ ಹೋಗ್ಲಿ."

ಎಚ್ಚರವಾದಾಗ ಚಿಕ್ಕಿ ನನ್ನ ತುಟಿಗೆ ಒದ್ದೆ ಹತ್ತಿ ಒತ್ತುತ್ತಿದ್ದಳು. ಮಗು ಎಲ್ಲಿ ಎಂದೆ. ಇದೆ, ಬೇರೆ ಕೋಣೆಯಲ್ಲಿ ಬಿಸಿ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ ಎಂದಳು. ನಾನು ನಂಬಲಿಲ್ಲ. ಸತ್ತ ಮಗುವನ್ನೂ ಹೀಗೇ ಬೇರೆ ಕೋಣೆಯಲ್ಲಿ ಇಡುತ್ತಾರೆ ಎಂದು ಮನಸ್ಸು ಹೇಳಿತು. "ಹೆದರಡ ಕೂಸೆ, ಉಸಿರಾಡ್ತಾ ಇದ್ದು, ಆನು ನೋಡಿಕ್ಕೆ ಬಂದಿ" ಎಂದು, ತಾನೇ ಕಣ್ಣಾರೆ ನೋಡಿ ಬಂದಿದ್ದೇನೆಂದು, ಅವಳು ಆಣೆ ಮಾಡಿದರೂ ನಂಬಿಕೆ ಬರಲಿಲ್ಲ. ಎರಡು ದಿನದ ಮೇಲೆ ಆಯಾ ಅದನ್ನು ಬಟ್ಟೆಯಲ್ಲಿ ಸುತ್ತಿ ತಂದು ಪಕ್ಕ ಮಲಗಿಸಿದಾಗ ಮೂಗಿನ ಕೆಳಗೆ ಬೆರಳು ಹಿಡಿದು ನೋಡಿದೆ. ಬೆಚ್ಚಗಿನ ಗಾಳಿ ತಾಗಿತು. ಹಾಲು ಚೀಪುವ ಶಕ್ತಿಯಿಲ್ಲದ ಅದಕ್ಕೆ ಒಳಲೆಯಲ್ಲಿ ಹನಿ ಹನಿ ಕುಡಿಸಿದೆವು. ಶಾಂತವ್ವನಿಗೂ ಅಷ್ಟರಲ್ಲಿ ಗಂಡು ಮಗುವಾಗಿತ್ತು. ಹೋಗುವಾಗ ನನ್ನ ಮಗುವಿನ ತಲೆ ನೇವರಿಸಿ, ಇದರ ಮೈಯೆಲ್ಲ ಹಿಂಗಿನ ವಾಸನಿ ಎಂದು ನಕ್ಕಳು. ನಿಜ. ಅದರ ಬಟ್ಟೆಯನ್ನು ಅದೇ ಚೀಲದಲ್ಲಿ ಇಡುತ್ತಿದ್ದೆ.

ಗರ್ಭಕೋಶ ಹೋದ ಸಂಗತಿ ಡಾಕ್ಟರಮ್ಮ ಆಮೇಲೆ ಹೇಳಿದರು. ನನಗೆ ಇಪ್ಪತ್ತಾರು ವರ್ಷ. ಬದುಕಿದ್ದೀರಲ್ಲ, ಮಗು ಇದೆಯಲ್ಲ ಎಂದು ಎಲ್ಲರೂ ಹೇಳಿದರು. ಅದು ನನಗೂ ಗೊತ್ತಿತ್ತು. ಗೊತ್ತಿದ್ದೂ ಗೋಡೆಗೆ ಮುಖ ಮಾಡಿ ಅಳುತ್ತಿದ್ದೆ, ಆ ಅಳುವಿಗೆ ಯಾರ ಅಪ್ಪಣೆಯೂ ಬೇಕಿಲ್ಲ. ಇವತ್ತು ಇದನ್ನು ಓದುವ ಯಾರಿಗಾದರೂ ಹಾಗಾಗಿದ್ದರೆ ಅತ್ತುಬಿಡಿ. ಒಂದೇ ಮಗು, ಅದೂ ಹೆಣ್ಣು ಎಂದು ಮದುವೆ ಮನೆಗಳಲ್ಲಿ ಮೂಗೆಳೆದವರು ಇದ್ದರು. ಅಂಥವರಿಗೆ ಅತ್ತೆಯೇ ಎದುರು ನಿಂತು, ನಿಮ್ಮನೆಯ ನಾಲ್ಕನ್ನು ಸಾಕಿ ಮುಗಿಯಿತೋ ಎಂದು ಕೇಳಿದ್ದೂ ಉಂಟು.

ಆಸ್ಪತ್ರೆಯಿಂದ ನಾನು ಸಿದ್ದಾಪುರಕ್ಕೆ ಹೋದೆ. ಬಾಣಂತನ ಮಾಡಿ ಆಯಿ ತನ್ನ ಹಕ್ಕು ತೀರಿಸಿಕೊಂಡಳು. ಮಗು ತೂಕ ಹಿಡಿದು, ಹೊಲಿಗೆ ಮಾಗಿ, ಗಂಡನ ಮನೆಗೆ ಹೊರಟಾಗ ಆಯಿ ದೊಡ್ಡ ಗಂಟು ಕಟ್ಟಿದಳು. ನಾನು ಆ ಹಳೆಯ ಕೈಚೀಲವನ್ನೂ ಹಿಡಿದುಕೊಂಡೆ.

ಜೀಪು ಇಳಿದಾಗ ಗಿರಣಿ ಓಡುತ್ತಿತ್ತು. ಪಾಳಿಯಲ್ಲಿ ಇದ್ದವರೆಲ್ಲ ಎದ್ದು ನಿಂತರು. ಅಂಗಳದ ತಂತಿಯ ಮೇಲೆ ನನ್ನ ಸೀರೆಯೊಂದು ಒಣಗುತ್ತಿತ್ತು. ಹೊಸಿಲ ಒಳಗೆ ಅತ್ತೆ ಆರತಿ ತಟ್ಟೆ ಹಿಡಿದು ನಿಂತಿದ್ದರು. ಆಸ್ಪತ್ರೆಯಲ್ಲಾಗಲಿ, ಸಿದ್ದಾಪುರಕ್ಕೆ ನೋಡಲು ಬಂದಾಗಾಗಲಿ ಅವರ ಕಣ್ಣಲ್ಲಿ ನಾನು ಒಂದು ಹನಿ ಕಂಡಿರಲಿಲ್ಲ. ಆರತಿ ಎತ್ತಿ, ದೃಷ್ಟಿ ನಿವಾಳಿಸಿ, ಮಗುವನ್ನು ತಾವೇ ತೆಗೆದುಕೊಂಡು ನನ್ನ ಮುಖ ನೋಡಿದರು.

"ಹಿಂಗು ತಂದ್ಯ?"

"ತಂದಿ ಅತ್ತೆ" ಎಂದು ಚೀಲದಿಂದ ಡಬ್ಬಿ ತೆಗೆದು ಅವರ ಕೈಗಿಟ್ಟೆ. ಅವರು ಅದನ್ನು ತಿರುಗಿಸಿ ನೋಡಿದರು. ಒಂದು ತೋಳಿನಲ್ಲಿ ಮಗು, ಇನ್ನೊಂದು ಮುಷ್ಟಿಯಲ್ಲಿ ಡಬ್ಬಿ ಹಿಡಿದು, ಅಷ್ಟು ಜನರೆದುರು ಹೊಸಿಲ ಮೇಲೆಯೇ ಕುಸಿದು ಕೂತು ಗಟ್ಟಿಯಾಗಿ ಅತ್ತರು. ಗಿರಣಿ ನಿಲ್ಲಿಸಿರೋ ಎಂದು ತಿಮ್ಮಣ್ಣ ಒಳಕ್ಕೆ ಕೂಗಿ ಹೇಳಿದರು.